ಗಂಟಿನೊಳಗೆ ಉಳಿದ ಗಾಳಿ

ಮೂರು ವರ್ಷದ ಹಿಂದಿನ ಮಾತು. ರಾಯಚೂರಿನ ಹೊರವಲಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಟೆಸ್ಟ್ ಇಂಜಿನಿಯರ್. ಪುಟ್ಟ ಉಪಗ್ರಹಗಳಿಗೆ ನಾಲ್ಕು ಸಾವಿರ ವೋಲ್ಟಿನ ಪವರ್ ಸಪ್ಲೈ ಪೆಟ್ಟಿಗೆಗಳ ಮೊದಲ ಆರ್ಡರ್ ಬಂದಿತ್ತು. ಮಾನ್ವಿಯಿಂದ ಬಸ್ಸಿನಲ್ಲಿ ಬರುವಾಗ ಗದ್ದೆಗಳ ಮೇಲಿನ ಆಕಾಶ ನೋಡುತ್ತ, ನಮ್ಮ ಪೆಟ್ಟಿಗೆ ಅಲ್ಲೆಲ್ಲೋ ತೇಲುವುದನ್ನು ನೆನೆದು ಎಷ್ಟೋ ಸಲ ನನ್ನ ಸ್ಟಾಪ್ ದಾಟಿ ಹೋಗಿದ್ದೇನೆ.

ಟ್ರಾನ್ಸ್‌ಫಾರ್ಮರಿಗೆ ತಂತಿ ಸುತ್ತುತ್ತಿದ್ದವರು ದೇವದುರ್ಗದ ಮೆಹಬೂಬ್ ಸಾಬ್. ಇಪ್ಪತ್ತು ವರ್ಷ ಕೃಷ್ಣೆಯ ದಡದ ಪಂಪ್ ಮೋಟಾರುಗಳನ್ನು ರಿವೈಂಡಿಂಗ್ ಮಾಡಿದ ಕೈ. ಕೂದಲೆಳೆಯಂಥ ತಂತಿಯೂ ಅವರ ಮಾತು ಕೇಳುತ್ತಿತ್ತು. ಹೈ ವೋಲ್ಟೇಜ್, ಜೋಪಾನ ಎಂದಷ್ಟೇ ನಾನು ಅವರಿಗೆ ಹೇಳಿದ್ದು.

ಎರಡು ಪೆಟ್ಟಿಗೆಗಳು ಪರೀಕ್ಷೆಯಲ್ಲೇ ಸತ್ತವು. ಮೂರನೆಯದನ್ನು ಮುಚ್ಚಳ ತೆಗೆದು, ಗಾಳಿಯನ್ನೆಲ್ಲ ಹೀರುವ ವ್ಯಾಕ್ಯೂಮ್ ಚೇಂಬರಿನಲ್ಲಿಟ್ಟೆ. ಮಧ್ಯಾಹ್ನದ ಬಿಸಿಲಿಗೆ ಪರದೆ ಎಳೆದು ಗಾಜಿನ ಕಿಂಡಿಯಲ್ಲಿ ಇಣುಕುತ್ತ ಕೂತೆ. ತಂತಿ ಹೊರಬರುವ ಮೂಲೆಯಲ್ಲಿ ನೇರಳೆ ಬೆಳಕೊಂದು ಹುಟ್ಟಿ, ಮಲಗಿದ ಮಗು ಉಸಿರಾಡಿದಂತೆ ಹಿಗ್ಗಿತು, ಕುಗ್ಗಿತು. ಅದು ಕೊರೊನಾ ಡಿಸ್ಚಾರ್ಜ್, ಅಂದರೆ ವಿದ್ಯುತ್ತಿನ ಸೋರಿಕೆ. ಪೆಟ್ಟಿಗೆಗೆ ಕೊನೆಗಾಲ ಬಂತೆಂದು ಅರ್ಥ. ಆದರೆ ಎಷ್ಟು ಚೆಂದವಿತ್ತೆಂದರೆ, ಸ್ವಿಚ್ ಆರಿಸುವುದನ್ನೇ ಮರೆತು ನೋಡುತ್ತ ಕೂತುಬಿಟ್ಟೆ. ಅದೂ ಸುಟ್ಟಿತು.

ಮೇಲೆ ಎರೆದಿದ್ದ ಎಪಾಕ್ಸಿ ಅಂಟನ್ನು ಕೊಯ್ದು ನೋಡಿದರೆ, ತಂತಿಯ ತುದಿಗೆ ಹತ್ತಿ ದಾರದ ಎರಡೆರಡು ಬಿಗಿ ಗಂಟು. ಪಂಪ್ ಮೋಟಾರು ನಡುಗುತ್ತದೆ, ತುದಿ ಸಡಿಲಾಗಬಾರದೆಂದು ಮೆಹಬೂಬ್ ಸಾಬ್ ಹಾಗೆ ಕಟ್ಟುತ್ತ ಬಂದವರು. ಗಂಟಿನೊಳಕ್ಕೆ ಎಪಾಕ್ಸಿ ಇಳಿಯದೆ ಚೂರು ಗಾಳಿ ಉಳಿದಿತ್ತು. ತುಂಬು ಗಾಳಿ ವಿದ್ಯುತ್ತನ್ನು ತಡೆಯುತ್ತದೆ, ಪೂರ್ಣ ನಿರ್ವಾತವೂ ತಡೆಯುತ್ತದೆ. ಹೀಗೆ ಗಂಟಿನಿಂದ ನಿರ್ವಾತಕ್ಕೆ ಸೋರಿ ಸೋರಿ ತೆಳುವಾದ ಗಾಳಿ ಮಾತ್ರ ಅದಕ್ಕೆ ದಾರಿ ಬಿಡುತ್ತದೆ.

ವರದಿಯಲ್ಲಿ 'ಕೆಲಸಗಾರನ ತಪ್ಪು' ಎಂದು ಬರೆದೆ. ಮಾಲೀಕರು ಮೊದಲೇ ಸಿಟ್ಟಿನಲ್ಲಿದ್ದರು. ಅದು ಅವರ ಕೈಸೇರಿದರೆ ಮೆಹಬೂಬ್ ಸಾಬರ ಕೆಲಸ ಹೋಗುವುದು ಖಚಿತವಿತ್ತು. ಕಳಿಸುವ ಮುಂಚೆ ಅವರನ್ನು ಕರೆದು ಗಂಟು ತೋರಿಸಿದೆ. ಅವರು ಅದನ್ನು ಬೆರಳಲ್ಲಿ ತಿರುವಿ ನೋಡಿ, "ಮೇಡಂ, ಈ ಪೆಟಗಿ ಎಲ್ಲಿಗಿ ಹೋಗ್ತದರಿ?" ಎಂದರು.

ಆಕಾಶಕ್ಕೆ, ಅಲ್ಲಿ ಗಾಳಿಯೇ ಇಲ್ಲ ಎಂದೆ. ಅವರು ಗಂಟನ್ನು ಮೇಜಿನ ಮೇಲಿಟ್ಟರು.

"ಆರು ತಿಂಗಳಾತ್ರಿ ಇದನ್ನ ಸುತ್ತಾಕತ್ತಿ. ಇವತ್ತ ಹೇಳ್ತೀರಲ್ರಿ."

ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಆ ವರದಿ ಹರಿದು ಹೊಸದು ಬರೆದೆ. 'ಕಾರಣ: ವಸ್ತು ಎಲ್ಲಿಗೆ ಹೋಗುತ್ತದೆಂದು ತಿಳಿಸದ ಇಂಜಿನಿಯರ್.' ಕೆಳಗೆ ನನ್ನ ಹೆಸರು. ಮಾಲೀಕರು ಒಂದು ವಾರ ನನ್ನೊಡನೆ ಮಾತಾಡಲಿಲ್ಲ.

ನಾಲ್ಕನೆಯದನ್ನು ಮೆಹಬೂಬ್ ಸಾಬ್ ಒಂದೂ ಗಂಟಿಲ್ಲದೆ ಸುತ್ತಿ ಮುಗಿಸಿದರು. ಮೂರು ದಿನ ಚೇಂಬರಿನಲ್ಲಿಟ್ಟರೂ ಬೆಳಕು ಹುಟ್ಟಲಿಲ್ಲ. ಈಗ ಯಾರೇ ಹೊಸಬರು ಬರಲಿ, ತಂತಿ ಮುಟ್ಟುವ ಮೊದಲು ಅದು ಹೋಗುವ ಜಾಗದ ಬಗ್ಗೆ ಹೇಳುತ್ತೇನೆ. ಇಷ್ಟು ಕಲಿಯಲು ನನಗೆ ಮೂರು ಪೆಟ್ಟಿಗೆ ಬೇಕಾದವು.