ಯಾರೂ ‘ಬರ್ತೀನಿ’ ಅನ್ನಲಿಲ್ಲ

‘ನಾನು ಇವರಿಗೆಲ್ಲ ಏನು ತಪ್ಪು ಮಾಡಿದೆ?’ ಎಂದು ಹೆಲ್ಗಾ ಕೇಳಿದಾಗ ಅವಳ ಸೂಟ್‌ಕೇಸು ಮಂಚದ ಮೇಲೆ ಬಾಯಿ ತೆರೆದುಕೊಂಡು ಬಿದ್ದಿತ್ತು. ಅರ್ಧ ಬಟ್ಟೆ ಆಗಲೇ ಒಳಗೆ ಸೇರಿತ್ತು.

ಹೆಲ್ಗಾ ನಮ್ಮ ಪಕ್ಕದ ಮನೆಗೆ ಹೋದ ವಾರವಷ್ಟೇ ಬಂದವಳು. ಪಶ್ಚಿಮ ಜರ್ಮನಿಯ ಹೆಂಗಸು. ಗಂಡ ಎಂಜಿನಿಯರು, ಗೆಜ್ಜಲಗೆರೆಯ ಒಂದು ಕಾರ್ಖಾನೆಗೆ ಮೆಷಿನ್ ಕೂಡಿಸಿಕೊಡಲು ಬಂದಿದ್ದಾನೆ. ಮದ್ದೂರಿನ ನಮ್ಮ ಬೀದಿಗೆ ಫಾರಿನ್ನಿನವರು ಬಾಡಿಗೆಗೆ ಬಂದರೆ ಸುಮ್ಮನಿರುತ್ತೇವೆಯೇ? ಬೀದಿಗೆ ಬೀದಿಯೇ ಅವಳ ಮನೆಯಲ್ಲಿತ್ತು. (ನಾನೂ ಇದ್ದೆ. ಹೈಸ್ಕೂಲಿನ ಇಂಗ್ಲಿಷ್ ಮೇಡಂ ಎಂಬ ನೆಪ ನನಗಿತ್ತು.)

ಎದುರುಮನೆಯ ನಿಂಗಮ್ಮನವರು ಮಳವಳ್ಳಿ ಕಡೆಯ ಪೂರಿಗಾಲಿಯಿಂದ ಈ ಬೀದಿಗೆ ಸೊಸೆಯಾಗಿ ಬಂದು, ಈಗ ಸ್ವತಃ ಅತ್ತೆಯಾಗಿರುವವರು. ಹೆಲ್ಗಾಳನ್ನು ಅವರೇ ವಹಿಸಿಕೊಂಡರು. ಸೀಮೆಎಣ್ಣೆ ಸ್ಟವ್ವಿಗೆ ಪಂಪು ಹೊಡೆಯುವುದು, ನಲ್ಲಿಯಲ್ಲಿ ನೀರು ಬಂದಾಗ ಹಂಡೆ ತುಂಬಿಡುವುದು, ಮುದ್ದೆಯನ್ನು ಅಗಿಯದೆ ನುಂಗುವುದು ಎಲ್ಲ ಕಲಿಸಿದರು. ಮೊದಲ ಪಾಠ ಮಾತ್ರ ಬಾಗಿಲಲ್ಲೇ ನಡೆಯಿತು. ಹೆಲ್ಗಾ ಕೈ ಬೀಸಿ ‘ಬೈ ಬೈ’ ಎಂದಿದ್ದಳು.

‘ಅಂಗನ್ಬಾರ್ದು ಕಣವ್ವ. ಓಯ್ತೀನಿ ಅಂತ್ಲೂ ಅನ್ಬಾರ್ದು. ಓಗೋರು ಬತ್ತೀನಿ ಅನ್ಬೇಕು, ಮನೇರು ಬನ್ನಿ ಅನ್ಬೇಕು.’

ನಾನು ಇಂಗ್ಲಿಷಿನಲ್ಲಿ ಹೇಳಿದೆ. ಹೆಲ್ಗಾಗೆ ಬಹಳ ಹಿಡಿಸಿತು. ಅಂದಿನಿಂದ ಸೊಪ್ಪಿನವಳಿಗೂ ‘ಬನ್ನಿ’, ಪೋಸ್ಟ್‌ಮ್ಯಾನಿಗೂ ‘ಬನ್ನಿ’. ಭಾಷೆ ಬಾರದ ಊರಿನಲ್ಲಿ ಅವಳು ಗಟ್ಟಿಯಾಗಿ ಹಿಡಿದುಕೊಂಡದ್ದು ಈ ಮಾತನ್ನು.

ಶುಕ್ರವಾರ ಟೆಲಿಗ್ರಾಂ ಬಂತು. ಅವಳ ಅಪ್ಪ ತೀರಿಕೊಂಡಿದ್ದರು. ಅವರು ಮೊದಲು ಇಳಿದಿದ್ದ ಬೆಂಗಳೂರಿನ ಹೋಟೆಲಿಗೆ ಹೋಗಿ ಸುತ್ತಿಕೊಂಡು ಬಂದ ಟೆಲಿಗ್ರಾಂ ಅದು. ಅಷ್ಟರಲ್ಲಿ ಅಲ್ಲಿ ಮಣ್ಣು ಮಾಡಿಯೂ ಆಗಿತ್ತು.

ಗಂಡ ಟ್ರಂಕ್ ಕಾಲ್ ಬುಕ್ ಮಾಡಲು ಪೋಸ್ಟಾಫೀಸಿಗೆ ಓಡಿದ. ಬೀದಿಯವರು ತಮಗೆ ಗೊತ್ತಿದ್ದನ್ನು ಮಾಡಿದರು. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ನಿಂಗಮ್ಮನವರು ಅನ್ನ ಸಾರು ತಂದಿಟ್ಟರು. ಹೆಂಗಸರು ಬಂದು ಚಾಪೆಯ ಮೇಲೆ ಅವಳ ಪಕ್ಕ ಕೂತರು, ಬೆನ್ನು ಸವರಿದರು. ಆಮೇಲೆ ಒಬ್ಬೊಬ್ಬರಾಗಿ ಎದ್ದು, ಒಂದು ಮಾತೂ ಆಡದೆ, ತಿರುಗಿಯೂ ನೋಡದೆ ಹೊರಟುಹೋದರು.

ನಮಗೆ ಇದು ಗೊತ್ತು. ಸಾವಿನ ಮನೆಯಿಂದ ಹೊರಡುವಾಗ ‘ಬರ್ತೀನಿ’ ಅನ್ನುವಂತಿಲ್ಲ. ಇಂಥ ಕೆಲಸಕ್ಕೆ ಈ ಮನೆಗೆ ಮತ್ತೆ ಬರುವಂತಾಗದಿರಲಿ ಎಂದು. ಅಷ್ಟೆಲ್ಲ ಕಲಿಸಿದ ನಾವು ಇದನ್ನೇಕೆ ಹೇಳಲಿಲ್ಲ? ಹೊಸದಾಗಿ ಸಂಸಾರ ಹೂಡಿದವಳಿಗೆ ಯಾರು ತಾನೇ ಇದನ್ನು ಹೇಳುತ್ತಾರೆ?

‘ಒಬ್ಬರಾದರೂ ಬರ್ತೀನಿ ಅನ್ನಲಿಲ್ಲ,’ ಎಂದಳು ಹೆಲ್ಗಾ. ‘ಬನ್ನಿ ಅನ್ನಲು ನಾನು ಕಾಯುತ್ತಾ ಇದ್ದೆ. ನಾನು ಇಲ್ಲಿ ಯಾರಿಗೂ ಬೇಡವಾದೆ. ಇನ್ನು ಹೇಗಿರಲಿ? ಊರಿಗೆ ಹೋಗಿಬಿಡುತ್ತೇನೆ.’

ಎಲ್ಲವನ್ನೂ ಬಿಡಿಸಿ ಹೇಳಿದೆ. ತಲೆಯಾಡಿಸಿದಳು. ಆದರೆ ಸೂಟ್‌ಕೇಸಿನಿಂದ ಒಂದು ಕರ್ಚೀಫೂ ಹೊರಗೆ ಬರಲಿಲ್ಲ. ಅರ್ಥವಾದ ಮಾತ್ರಕ್ಕೆ ಸಮಾಧಾನ ಆಗಿಬಿಡುತ್ತದೆಯೇ?

‘ಏರ್‌ಪೋರ್ಟಿನಲ್ಲಿ ಅಪ್ಪನಿಗೆ ಗುಡ್‌ಬೈ ಎಂದು ಬಂದೆ,’ ಎಂದಳು. ‘ಬರ್ತೀನಿ ಅನ್ನಬೇಕು ಎಂದು ಆಗ ಗೊತ್ತಿರಲಿಲ್ಲ.’

ನನಗೆ ಅಳು ತಡೆಯಲಾಗಲಿಲ್ಲ. ಎದ್ದು ಹೋಗಿ ನಿಂಗಮ್ಮನವರಿಗೆ ಹೇಳಿದೆ. ಸಾವಿನ ಮನೆಗೆ ಹೋಗಿ ಬಂದದ್ದಕ್ಕೆ ಆಗಷ್ಟೇ ತಲೆಗೆ ನೀರು ಹಾಕಿಕೊಂಡಿದ್ದರು. ಒದ್ದೆ ಕೂದಲಲ್ಲೇ ಹೊರಟರು. ನಮ್ಮ ಮನೆಯ ಜಗಲಿಯಿಂದ ಎಲ್ಲ ಕೇಳಿಸಿಕೊಂಡಿದ್ದ ನಮ್ಮತ್ತೆ (ಪುರೋಹಿತರ ಮಗಳು) ತಡೆದರು.

‘ಬೇಡ ನಿಂಗಮ್ಮ. ಅಂಥಾ ಮನೇಲಿ ಬರ್ತೀನಿ ಅನ್ನೋದು ಒಳ್ಳೇದಲ್ಲ.’

‘ನಮ್ಗಾದ್ರೆ ಯೋಳ್ದಿದ್ರೂ ಬರೋರು ಅವ್ರೆ ಕಣ್ರಮ್ಮ. ಆ ಮಗೀಗೆ ಯಾರವ್ರೆ?’

ಮತ್ತೆ ಹೋಗಿ ಹೆಲ್ಗಾಳ ಪಕ್ಕ ಸ್ವಲ್ಪ ಹೊತ್ತು ಕೂತರು. ಎದ್ದು ಬಾಗಿಲವರೆಗೆ ಬಂದು, ಅಲ್ಲಿ ನಿಂತು ತಿರುಗಿದರು.

‘ಬತ್ತೀನಿ ಕಣವ್ವ. ಬೆಳಿಗ್ಗೆ ನೀರ್ ಬುಟ್ಟಾಗ ನಾನೇ ಬಂದು ಎಬ್ಬುಸ್ತೀನಿ. ನೀನು ಮಲ್ಗಿರು.’

ನಾನು ಅದನ್ನು ಇಂಗ್ಲಿಷಿಗೆ ತಿರುಗಿಸಲು ಬಾಯಿ ತೆರೆದೆ. ಬೇಕಾಗಲಿಲ್ಲ. ಹೆಲ್ಗಾ ಅಳುತ್ತಲೇ ‘ಬನ್ನಿ’ ಎಂದಳು.

ಆ ಸೂಟ್‌ಕೇಸು ಈಗ ಅಟ್ಟದ ಮೇಲಿದೆ. ನಮ್ಮತ್ತೆ ಇನ್ನೂ ಗೊಣಗುತ್ತಿದ್ದಾರೆ, ಸಾವಿನ ಮನೆಯಲ್ಲಿ ಬರ್ತೀನಿ ಅಂದರೆ ಕೇಡು ಎಂದು.

ಇರಬಹುದು. ಆದರೆ ಬರ್ತೀನಿ ಅನ್ನುವವರೇ ಇಲ್ಲದ ಮನೆಗೆ ಅದಕ್ಕಿಂತ ದೊಡ್ಡ ಕೇಡು ಇನ್ನೇನು ಬರಬೇಕು?