ಬಿಚ್ಚಲಾಗದ ಉಡಿದಾರ

ಪ್ರಾಸ್ಟೇಟ್ ಎಂಆರ್‌ಐ ಮಾಡಿಸಲು ಹೊರಟವರು ಯಾರಾದರೂ ನನ್ನನ್ನು ಕೇಳಿದರೆ ನಾನು ಹೇಳುವುದು ಒಂದೇ ಮಾತು: ಮನೆ ಬಿಡುವ ಮೊದಲು ಸೊಂಟ ತಡವಿ ನೋಡಿಕೊಳ್ಳಿ. ಮಿಕ್ಕದ್ದನ್ನೆಲ್ಲ ಅವರೇ ಚೀಟಿಯಲ್ಲಿ ಬರೆದು ಕೊಡುತ್ತಾರೆ. ನನ್ನ ಚೀಟಿಯಲ್ಲೂ ಲೋಹದ ವಸ್ತು ಬೇಡ ಎಂದಿತ್ತು. ವಾಚು, ಉಂಗುರ ಎಂದುಕೊಂಡೆ. ಮೂವತ್ತು ವರ್ಷದಿಂದ ಮೈಗಂಟಿಕೊಂಡೇ ಇರುವುದನ್ನು ಯಾರು ವಸ್ತು ಅನ್ನುತ್ತಾರೆ?

ನನ್ನದು ಸುಲ್ತಾನ್‌ಪೇಟೆಯಲ್ಲಿ ಲಗ್ನಪತ್ರಿಕೆ ಅಂಗಡಿ, ಮನೆ ಚಾಮರಾಜಪೇಟೆ. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ನನಗೆ ಅರವತ್ತು ತುಂಬಿತ್ತು. ಗಣಪತಿ ಮೂಲೆಯಲ್ಲಿರಬೇಕೋ ನಡುವೆ ಇರಬೇಕೋ ಎಂದು ಗಂಡಿನ ಕಡೆಯವರೂ ಹೆಣ್ಣಿನ ಕಡೆಯವರೂ ನನ್ನೆದುರು ಜಗಳವಾಡುತ್ತಿದ್ದರೆ ನಾನು ಮೂರು ಸಲ ಎದ್ದು ಹಿಂದಿನ ಪಾಯಿಖಾನೆಗೆ ಓಡುತ್ತಿದ್ದೆ. ಹೋದರೆ ನಾಲ್ಕು ಹನಿ, ಬಂದು ಕೂತರೆ ಮತ್ತೆ ಅವಸರ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಪಿಎಸ್‌ಎ ಅನ್ನುವುದು ಇರಬೇಕಾದ್ದಕ್ಕಿಂತ ಹೆಚ್ಚಿದೆ ಎಂದರು.

"ವಯಸ್ಸಿಗೆ ಗ್ರಂಥಿ ಊದಿದ್ರೂ ಜಾಸ್ತಿ ಆಗತ್ತೆ, ಕ್ಯಾನ್ಸರ್ ಆದ್ರೂ ಜಾಸ್ತಿ ಆಗತ್ತೆ. ಸೂಜಿ ಹಾಕಿ ಚೂರು ತೆಗೆಯೋಕೆ ಮುಂಚೆ ಒಂದ್ಸಲ ಸ್ಕ್ಯಾನ್ ನೋಡ್ಬಿಡೋಣ."

ಆ ಮಾತು ನಮ್ಮ ಬೀದಿಯಲ್ಲಿ ಆಡುವಂಥದ್ದಲ್ಲ. ಪತ್ರಿಕೆಯ ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ಕೊಡುವ ಕೈ ನನ್ನದು. ಸುದ್ದಿ ಹಬ್ಬಿದರೆ ಗಿರಾಕಿಗಳು ಪಕ್ಕದ ಅಂಗಡಿ ಹತ್ತುತ್ತಾರೆ. ಅದಕ್ಕೇ ಎಲ್ಲರಿಗೂ ಮಂಡಿನೋವು, ಮಂಡಿಗೆ ಸ್ಕ್ಯಾನು ಎಂದೆ. ಹೆಂಡತಿಗೂ ಅದನ್ನೇ ಹೇಳಿದೆ. ಅವಳಿಂದ ಮುಚ್ಚಿಟ್ಟದ್ದಕ್ಕೆ ಅಂಗಡಿ ಕಾರಣವಲ್ಲ. ಅವಳ ಮುಂದೆ ಬಾಯಿಬಿಟ್ಟರೆ ಅದು ನಿಜವಾಗಿಬಿಡುತ್ತದೆ ಎಂದು ನನಗೆ ಭಯವಾಗಿತ್ತು.

ಮಂಡಿನೋವು ಎಂದ ಮೇಲೆ ಕುಂಟಬೇಕಲ್ಲ. ಬೆಳಿಗ್ಗೆ ಬಲಗಾಲು ಕುಂಟಿದವನು ಸಂಜೆಗೆ ಮರೆತು ಎಡಗಾಲು ಕುಂಟುತ್ತಿದ್ದೆ. ಹೆಂಡತಿ ಎಳ್ಳೆಣ್ಣೆ ಬಿಸಿ ಮಾಡಿ ಎರಡಕ್ಕೂ ತಿಕ್ಕಿದಳು. ಚೀಟಿಯ ಸೂಚನೆಗಳನ್ನು ಕದ್ದುಮುಚ್ಚಿ ಪಾಲಿಸಿದೆ. ಮೂರು ದಿನ ಬ್ರಹ್ಮಚರ್ಯ ಎಂದಿತ್ತು. ಅದನ್ನು ನನ್ನ ವಯಸ್ಸೇ ನೋಡಿಕೊಂಡಿತು. ಹಿಂದಿನ ದಿನ ಹಗುರ ಊಟ, ಗ್ಯಾಸ್ ಆಗುವಂಥ ಕಾಳು ಕೂಡದು ಎಂದಿತ್ತು. ಅವತ್ತೇ ಅವಳು ಹಿದುಕಿದ ಅವರೆಕಾಳಿನ ಸಾರು ಮಾಡಬೇಕೆ! ಕರುಳು ಖಾಲಿಯಿದ್ದರೆ ಚಿತ್ರ ಚೆನ್ನಾಗಿ ಬರುತ್ತದೆಂದು ಬೆಳಿಗ್ಗೆ ಎನಿಮಾ ತೆಗೆದುಕೊಳ್ಳಬೇಕಿತ್ತು. ನಾನು ಒಳಗೆ ಆ ಸಾಹಸದಲ್ಲಿದ್ದಾಗ ಅವಳು ಬಚ್ಚಲ ಬಾಗಿಲು ಬಡಿದಳು. "ಮಂಡಿ ಮಡಿಸೋಕಾಗ್ತಿಲ್ಲ ಕಣೇ" ಎಂದು ಕೂಗಿದೆ. ಪಾಪ, ನಂಬಿದಳು. ಕುಂಟುವವನನ್ನು ಒಬ್ಬನೇ ಕಳಿಸುವುದುಂಟೇ ಎಂದು ಜೊತೆಗೂ ಹೊರಟಳು.

ಬಸವನಗುಡಿಯ ಆ ಸ್ಕ್ಯಾನ್ ಸೆಂಟರಿನಲ್ಲಿ ಒಂದು ಫಾರಂ ತುಂಬಿಸಿದರು. ಎದೆಯಲ್ಲಿ ಪೇಸ್‌ಮೇಕರ್ ಇದೆಯೆ, ಕಣ್ಣಿಗೆ ಯಾವತ್ತಾದರೂ ಕಬ್ಬಿಣದ ಚೂರು ಹೊಕ್ಕಿತ್ತೆ, ಕಿಡ್ನಿ ತೊಂದರೆಯೆ, ಇಕ್ಕಟ್ಟಾದ ಜಾಗ ಕಂಡರೆ ಹೆದರಿಕೆಯೆ. ಸುಲ್ತಾನ್‌ಪೇಟೆಯಲ್ಲಿ ಅಂಗಡಿ ಇಟ್ಟವನಿಗೆ ಇಕ್ಕಟ್ಟಿನ ಹೆದರಿಕೆಯೆ! ಎಲ್ಲಕ್ಕೂ ಇಲ್ಲ ಎಂದು ಬರೆದು, ಹಿಂದೆ ಲಾಡಿ ಕಟ್ಟುವ ಗೌನು ತೊಟ್ಟು, ಹಿಂಭಾಗವನ್ನು ಒಂದು ಕೈಯಲ್ಲಿ ಮುಚ್ಚಿಕೊಂಡು ನಿಂತೆ. ಸ್ಕ್ಯಾನ್ ಮಾಡುವ ಹೆಂಗಸು ಹೆಡ್‌ಮಿಸ್ಸಿನಂತೆ ಗಟ್ಟಿಗಿತ್ತಿ. ಲೋಹ ಪತ್ತೆ ಮಾಡುವ ಕೋಲನ್ನು ಮೈಮೇಲೆ ಆಡಿಸಿದಳು. ಸೊಂಟದ ಹತ್ತಿರ ಅದು ಕಿರುಚಿಕೊಂಡಿತು.

"ಏನ್ ಸಾರ್ ಇದು?"

"ಉಡಿದಾರ. ಬೆಳ್ಳೀದು."

"ಬಿಚ್ಚಿಡಿ."

"ಬಿಚ್ಚೋಕೆ ಬರಲ್ಲ."

ಬರುತ್ತಿರಲಿಲ್ಲ, ನಿಜ. ಮದುವೆಯ ವರ್ಷ ಅದರ ತಿರುಪು ಸಡಿಲವಾಗಿ ಎರಡು ಸಲ ಬಚ್ಚಲಲ್ಲಿ ಬಿತ್ತೆಂದು ಅಮ್ಮ ಅಕ್ಕಸಾಲಿಗನನ್ನು ಕರೆಸಿ, ತಿರುಪನ್ನು ಜಜ್ಜಿಸಿ ಭದ್ರ ಮಾಡಿಸಿದ್ದಳು. ಆಮೇಲೆ ಹೊಟ್ಟೆ ಬೆಳೆದು, ಅದು ಮೇಲಕ್ಕೂ ಬಾರದೆ ಕೆಳಕ್ಕೂ ಇಳಿಯದೆ ಕೂತುಬಿಟ್ಟಿತ್ತು. ಅದಲ್ಲದೆ ನಮ್ಮಲ್ಲಿ ಗಂಡಸಿನ ಸೊಂಟ ಬರಿದಾಗಿರಬಾರದು. ಉಡಿದಾರವನ್ನು ಕತ್ತರಿಸುವುದು ಒಂದೇ ಸಲ. ಅಪ್ಪನದನ್ನು ಕತ್ತರಿಸಿದ್ದು ಅಂಗಳದಲ್ಲಿ ಕಡೆಯ ಸ್ನಾನ ಮಾಡಿಸುವಾಗ. ನೀರು ಹುಯ್ದವನು ನಾನೇ.

"ಬೆಳ್ಳಿಗೆ ಅಯಸ್ಕಾಂತ ಅಂಟಲ್ಲ ಕಣಮ್ಮ, ಸ್ಕೂಲಲ್ಲಿ ಓದಿಲ್ವಾ?" ಎಂದು ವಾದಕ್ಕೆ ನಿಂತೆ.

"ಅಂಟದೇ ಇರಬಹುದು ಸಾರ್, ಬಿಸಿಯಾಗಿ ಮೈ ಸುಟ್ರೆ? ಚಿತ್ರಾನೂ ಕೆಡತ್ತೆ, ಅದೂ ನಮಗೆ ಬೇಕಾಗಿರೋ ಜಾಗದ ಹತ್ರಾನೇ."

ನನ್ನ ಪ್ಯಾಂಟು ಶರ್ಟು ಮಡಿಸಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಹೆಂಡತಿ ಬಾಯಿ ಹಾಕಿದಳು. "ಮಂಡಿಗೂ ಸೊಂಟಕ್ಕೂ ಏನಮ್ಮಾ ಸಂಬಂಧ?"

"ಮಂಡಿ ಯಾರದ್ದು? ಇವರದ್ದು ಪ್ರಾಸ್ಟೇಟ್."

ಹೆಂಡತಿ ನನ್ನ ಎರಡೂ ಮಂಡಿಗಳನ್ನು ನೋಡಿದಳು. ಆಮೇಲೆ ಮುಖ ನೋಡಿದಳು. ಅವಳ ತಮ್ಮನೊಬ್ಬ ಕ್ಲಿನಿಕ್ಕಿನಲ್ಲಿ ಕಾಂಪೌಂಡರ್ ಆಗಿದ್ದವನು, ಅವಳಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ.

"ಕ್ಯಾನ್ಸರ್ರಾ?"

"ಗೊತ್ತಿಲ್ಲ. ಅದನ್ನ ನೋಡೋಕೇ ಬಂದಿದ್ದು. ಬಿಡು, ಇನ್ನೊಂದು ದಿನ ಬರೋಣ." ಸತ್ಯ ಹೇಳುತ್ತೇನೆ, ನೆಪ ಸಿಕ್ಕಿತೆಂದು ನನಗೆ ಒಳಗೊಳಗೇ ಖುಷಿಯಾಗಿತ್ತು.

"ಇಲ್ಲೇ ಕೂತಿರಿ. ಎಲ್ಲಾದ್ರೂ ಎದ್ದು ಹೋಗಿ, ಆಮೇಲಿದೆ ನಿಮಗೆ" ಎಂದವಳೇ ನನ್ನ ಪ್ಯಾಂಟನ್ನೂ ಹಿಡಿದುಕೊಂಡು ಆಟೋ ಹತ್ತಿದಳು. ಆ ಗೌನಿನಲ್ಲಿ ನಾನು ಎಲ್ಲಿಗೆ ಹೋಗಲಿ? ಸ್ಕ್ಯಾನಿನ ಹೆಂಗಸು ಕನಿಕರದಿಂದ ಬೇರೆ ಇಬ್ಬರನ್ನು ನನಗಿಂತ ಮುಂದೆ ಹಾಕಿದಳು.

ಮುಕ್ಕಾಲು ಗಂಟೆಯಲ್ಲಿ ಹೆಂಡತಿ ಗಾಂಧಿಬಜಾರಿನಿಂದ ಒಬ್ಬ ಮುದಿ ಅಕ್ಕಸಾಲಿಗನನ್ನು ಹಿಡಿದು ತಂದಳು. ಬಟ್ಟೆ ಬದಲಿಸುವ ಕೋಣೆಯಲ್ಲಿ ಆತ ನನ್ನ ಸೊಂಟ ನೋಡಿ ಹಿಂದೆ ಸರಿದ. "ಬದುಕಿರೋರದ್ದನ್ನ ನಾನು ಕತ್ತರಿಸಲ್ಲ ತಾಯಿ. ಪಾಪ ಸುತ್ಕೊಳ್ಳತ್ತೆ."

ಹೆಂಡತಿ ಸೆರಗಿನ ಗಂಟಿನಿಂದ ಕರಿದಾರ ತೆಗೆದು, ಬೆಳ್ಳಿಯ ಕೆಳಗೇ ನನ್ನ ಸೊಂಟಕ್ಕೆ ಸುತ್ತಿ ಮೂರು ಗಂಟು ಹಾಕಿದಳು. "ಈಗ ಬರಿದಿಲ್ಲ. ಕತ್ತರಿಸಿ."

ಆತನಿಗೆ ಸಮಾಧಾನವಾಯಿತು. ಆದರೆ ನಾನು ಪೂರ್ವಕ್ಕೆ ಮುಖ ಮಾಡಬೇಕಂತೆ. ಕಿಟಕಿಯಿಲ್ಲದ ಕೋಣೆಯಲ್ಲಿ ಪೂರ್ವ ಯಾವುದು? ಹೊರಗೆ ಸರದಿ ಕಾಯುತ್ತಿದ್ದವರೆಲ್ಲ ಸಭೆ ಸೇರಿ, ಬುಲ್‌ಟೆಂಪಲ್ ರಸ್ತೆ ಆ ಕಡೆ ಎಂದರೆ ಪೂರ್ವ ಈ ಕಡೆ ಎಂದು ತೀರ್ಮಾನ ಕೊಟ್ಟರು. ಪೂರ್ವದಲ್ಲಿ ಟಾಯ್ಲೆಟ್ಟಿನ ಬಾಗಿಲಿತ್ತು. ಮೂರು ತಿಂಗಳಿಂದ ನಾನು ನೋಡುತ್ತಿದ್ದದ್ದೂ ಅದನ್ನೇ. ಚರ್ಮಕ್ಕೆ ಇಕ್ಕಳ ತಾಗದಂತೆ ನಡುವೆ ತೂರಿಸಲು ಗಟ್ಟಿಯಾದದ್ದೇನಾದರೂ ಬೇಕೆಂದು ಅಕ್ಕಸಾಲಿಗ ಕೇಳಿದಾಗ ನನ್ನ ಚೀಲದಲ್ಲಿದ್ದ ಸ್ಯಾಂಪಲ್ ಪತ್ರಿಕೆ ಕೊಟ್ಟೆ. ಉಸಿರು ಒಳಗೆಳೆದುಕೊಂಡೆ. ಟಕ್ ಎಂದಿತು. ಸೊಂಟದ ಸುತ್ತ ಬಿಳಿಯ ಗೆರೆಯೊಂದು ಉಳಿಯಿತು. ಸ್ಕ್ಯಾನಿನ ಹೆಂಗಸು ಬಂದು ಕರಿದಾರದ ಮೇಲೂ ಕೋಲಾಡಿಸಿ, "ಹತ್ತಿದಾರ, ಪಾಸ್" ಎಂದಳು.

ಒಳಗೆ ಹೊಟ್ಟೆಯ ಮೇಲೊಂದು ಹಲಗೆಯಂಥದ್ದನ್ನಿಟ್ಟು ಕಟ್ಟಿದರು, ಕಿವಿಗೆ ಮುಚ್ಚಳ, ತೋಳಿಗೆ ಸೂಜಿ, ತಡೆಯಲಾಗದಿದ್ದರೆ ಒತ್ತಲು ಕೈಗೊಂದು ರಬ್ಬರ್ ಬುಗ್ಗೆ. ನೋವಿಲ್ಲ, ಅಲುಗಾಡಬಾರದು ಅಷ್ಟೆ. ಸದ್ದು ಪತ್ರಿಕೆ ಅಚ್ಚು ಹಾಕುತ್ತಿದ್ದ ನಮ್ಮ ಹಳೆಯ ಟ್ರೆಡಲ್ ಪ್ರೆಸ್ಸಿನದೇ. ನಿಲ್ಲುತ್ತದೆ, ಮತ್ತೆ ಬೇರೆ ತಾಳದಲ್ಲಿ ಶುರುವಾಗುತ್ತದೆ. ನಡುವೆ ತೋಳಿನಿಂದ ಔಷಧಿ ತಣ್ಣಗೆ ಹರಿಯಿತು. ಇಕ್ಕಟ್ಟಿಗೆ ಹೆದರದವನು ಅಪ್ಪನ ಒದ್ದೆ ಸೊಂಟ ನೆನೆದು ಅತ್ತೆ. ಮುಕ್ಕಾಲು ಗಂಟೆ ಕಣ್ಣೀರು ಕಿವಿಗಿಳಿದರೂ ಒರೆಸಿಕೊಳ್ಳಲಿಲ್ಲ, ಚಿತ್ರ ಕೆಡುತ್ತದೆಂದು.

ಒಂದು ಮಚ್ಚೆ ಕಂಡಿತು. ಸೂಜಿಯೂ ಆಯಿತು. ಅದೇ ರೋಗ, ಆದರೆ ಚಿಕ್ಕದು, ಮಂದಗತಿಯದು. ಡಾಕ್ಟರು ಈಗ ಕತ್ತರಿ ಬೇಡ, ವರ್ಷ ವರ್ಷ ರಕ್ತ, ಸ್ಕ್ಯಾನು ನೋಡುತ್ತ ಕಣ್ಣಿಟ್ಟಿರೋಣ ಎಂದರು. ಮಾರನೆಯ ದಿನ ಹೆಂಡತಿ ತುಂಡಾದ ಉಡಿದಾರ ತೆಗೆದುಕೊಂಡು ಗಾಂಧಿಬಜಾರಿಗೆ ಹೋಗಿಬಂದಳು.

"ಮೊದಲಿನ ಹಾಗೇ ಜಜ್ಜಿಸ್ಕೊಂಡು ಬಂದ್ಯಾ?" ಎಂದೆ.

ಅವಳು ನನ್ನ ಸೊಂಟಕ್ಕೆ ಬೆಳ್ಳಿ ಸುತ್ತಿ, ಒಂದೇ ಬೆರಳಲ್ಲಿ ಹಾಕಿ ತೆಗೆದು ತೋರಿಸಿದಳು.

"ಕೊಕ್ಕೆ ಇಡಿಸ್ದೆ. ವರ್ಷ ವರ್ಷ ಬಿಚ್ಚಬೇಕಲ್ಲ. ತೆಳ್ಳಗಿನದು ಸಾಕಾ ಅಂದ ಆ ಮುದುಕ. ಇಪ್ಪತ್ತು ವರ್ಷ ಸವೀಬಾರದು, ಅಂಥದ್ದು ಹಾಕಪ್ಪಾ ಅಂದೆ."