ಕಣ್ಣಿಲ್ಲದ ಕುದುರೆ

ಎಂಬತ್ತರ ದಶಕದ ಮಾತು. ಜೇವರ್ಗಿಯ ಒಂದು ಸಣ್ಣ ಪ್ರಾರ್ಥನಾಲಯದ ಗೋಡೆಯ ಮೇಲೆ ಪೇಂಟರ್ ಶರಣಪ್ಪ, ಬೈಬಲಿನ ಕೊನೆಯ ಭಾಗದಲ್ಲಿ ಬರುವ ನಾಲ್ಕು ಕುದುರೆಗಳನ್ನು ಬರೆಯುತ್ತಿದ್ದ. ಬಿಳಿ, ಕೆಂಪು, ಕಪ್ಪು ಮುಗಿದಿದ್ದವು. ಉಳಿದದ್ದು ಸಾವು ಏರಿ ಬರುವ ಕುದುರೆ. ಅದರ ಬಣ್ಣದ ಬಗ್ಗೆ ಪಾದ್ರಿಗಳಿಗೇ ಸಂಶಯ. ಕೆಲಸದ ಮೇಲೆ ಆ ಊರಿಗೆ ಹೋಗಿದ್ದ ನನಗೆ ಒಂದಿಷ್ಟು ಗ್ರೀಕ್ ಬರುತ್ತದೆಂದು ತಿಳಿದು ಕರೆಸಿದರು.

"ಮೂಲದಲ್ಲಿ 'ಕ್ಲೋರೋಸ್' ಅಂತಿದೆ. ಎಳೆ ಹುಲ್ಲಿಗೂ ಅದೇ ಪದ, ರೋಗಿಯ ಮುಖಕ್ಕೂ ಅದೇ. ಹಳದಿ ಬೆರೆತ ತಿಳಿಹಸಿರು ಅನ್ನಬಹುದು," ಎಂದೆ.

ಶರಣಪ್ಪ ಬ್ರಷ್ ಕೆಳಗಿಟ್ಟ. "ಆ ಬಣ್ಣ ನನಗ ಗೊತ್ತದ್ರಿ ಸಾಹೇಬ್ರ. ಕಾಮಣಿ ಆಗಿ ನನ್ನ ಹೆಂಡತಿ ಹದಿನೈದು ದಿನದಿಂದ ಮಲಗ್ಯಾಳ. ಮುಖ ಹಂಗೇ ಆಗ್ಯದ."

ಪಾದ್ರಿಗಳು, "ಬ್ಯಾರೆ ಬಣ್ಣ ಹಚ್ಚಪ್ಪ," ಎಂದರು.

"ಬ್ಯಾಡ್ರಿ. ಇದ್ದಂಗೇ ಬರೀತೇನಿ. ಆದ್ರ ಕಣ್ಣು ಬರಿಯಂಗಿಲ್ರಿ."

ಕಣ್ಣು ಬರೆದಾಗಲೇ ಚಿತ್ರಕ್ಕೆ ಜೀವ ಬರುತ್ತದೆಂಬುದು ಅವನ ಮನೆತನದ ನಂಬಿಕೆ. ಅದಕ್ಕೇ ಅದನ್ನು ಕೊನೆಗೆ ಬರೆಯುತ್ತಿದ್ದರು.

"ಕಣ್ಣು ಬಂದ್ರ ಅದಕ್ಕ ನಮ್ಮನಿ ಹಾದಿ ಕಾಣ್ತದ್ರಿ," ಎಂದ.

ಪಾದ್ರಿಗಳು ಬ್ರಷ್ ಎತ್ತಿ ಅವನ ಕೈಗೆ ಕೊಟ್ಟು, "ಕುರುಡು ಕುದುರಿನೂ ನಡೀತದ, ಬರಿ," ಎಂದರು.

ಎರಡು ತಿಂಗಳಾದ ಮೇಲೆ ಮತ್ತೆ ಅಲ್ಲಿಗೆ ಹೋದೆ. ಶರಣಪ್ಪ ಬಾಗಿಲಿಗೆ ಬಣ್ಣ ಹಚ್ಚುತ್ತಿದ್ದ. ಅವನಿಗೆ ಬುತ್ತಿ ತಂದಿದ್ದ ಹೆಂಗಸು ಗೋಡೆಯ ಮುಂದೆ ನಿಂತಿದ್ದಳು. ಸ್ವಲ್ಪ ಬಡಕಲಾಗಿದ್ದರೂ ಮುಖ ಕಳೆಕಳೆಯಾಗಿತ್ತು.

"ಎಳೀ ಜ್ವಾಳದ ಬಣ್ಣ, ಎಷ್ಟು ಛಂದ ಬಂದದ! ಪಾಪ, ಕುದುರಿಗಿ ಕಣ್ಣು ಯಾಕ ಬರ್ದಿಲ್ರಿ?" ಎಂದು ಗಂಡನನ್ನು ಕೇಳಿದಳು.

ಶರಣಪ್ಪ ನನ್ನತ್ತ ಕೈ ತೋರಿಸಿದ. "ಗ್ರೀಕಿನಾಗ ಹಂಗೇ ಅದಂತ. ಬೇಕಾದ್ರ ಸಾಹೇಬ್ರನ್ನ ಕೇಳು."

ಗ್ರೀಕಿನಲ್ಲಿ ಅಂಥದ್ದೇನೂ ಇಲ್ಲ. ನಾನು ಹೌದಮ್ಮಾ ಎಂದೆ.